ಮೆತ್ ಕೈಗೆ ಬರುವ ಮೊದಲೇ: ಅಪಾಯ ತಿಳಿಯೋಣ, ತಡೆಯುವುದನ್ನು ಕಲಿಯೋಣ

ಮೊದಲ ಸಲ ಮೆತ್ ಎಂಬ ಡ್ರಗ್ ಸೇದುವವರ ಕಣ್ಣ ಮುಂದೆ ಅದರಿಂದ ಹಾಳಾದ ಹುಳುಕು ಹಲ್ಲಿನ ಫೋಟೊ ಇರುವುದಿಲ್ಲ. ಬೆಳಗಾಗುವುದರೊಳಗೆ ಮುಗಿಸಲೇಬೇಕಾದ ಕೆಲಸ ಇರುತ್ತದೆ. ಅಥವಾ ನಿದ್ದೆಗೆಟ್ಟು ಸೋತುಹೋದ ಮೈ ಇರುತ್ತದೆ. ಅಥವಾ ಏನು ಮಾಡಿದರೂ ಇಳಿಯದ ತೂಕ. ಪಕ್ಕದಲ್ಲಿ ಕೂತ ಗೆಳೆಯ ಹೇಳುತ್ತಾನೆ: "ಒಂದೇ ಒಂದ್ಸಲ ಕಣೋ, ಏನೂ ಆಗಲ್ಲ, ನಾನಿದ್ದೀನಲ್ಲ."

ಈ ಡ್ರಗ್ ಜನರನ್ನು ಹಿಡಿಯುವುದು ಹೀಗೆ. ಬರೀ ಮಜಾ ಕೊಡುತ್ತೇನೆ ಅಂತ ಬರುವುದಿಲ್ಲ, ಶಕ್ತಿ ಕೊಡುತ್ತೇನೆ ಅಂತ ಬರುತ್ತದೆ. ಅದಕ್ಕೇ ತಡೆಯುವ ಕೆಲಸವೂ ಅಲ್ಲಿಂದಲೇ ಶುರುವಾಗಬೇಕು. ಯಾರಿಗೆ, ಯಾವಾಗ, ಯಾಕೆ ಈ ಸಾಲ ತಂದ ಶಕ್ತಿ ಬೇಕೆನಿಸುತ್ತದೆ ಅನ್ನುವುದನ್ನು ಮೊದಲೇ ಗುರುತಿಸಬೇಕು. ಇದನ್ನು ಅಪ್ಪ ಅಮ್ಮಂದಿರು, ಟೀಚರ್‌ಗಳು, ಗೆಳೆಯರಿಗಾಗಿ ಬರೆದಿದ್ದೇನೆ. "ಒಂದ್ಸಲ ನೋಡೇಬಿಡೋಣ" ಅಂತ ಯೋಚಿಸುತ್ತಿರುವವರೂ ಓದಲಿ.

ಹೆಜ್ಜೆ 1: ಅದೇನು ಅಂತ ಸರಿಯಾಗಿ ತಿಳಿದುಕೊಳ್ಳಿ

ಪೂರ್ತಿ ಹೆಸರು ಮೆತಾಂಫೆಟಮೈನ್. ಬಳಸುವವರ ಬಾಯಲ್ಲಿ ಮೆತ್, ಐಸ್, ಕ್ರಿಸ್ಟಲ್. ಗಾಜಿನ ಚೂರು ಅಥವಾ ಕಲ್ಲುಸಕ್ಕರೆಯಂಥ ಹರಳಾಗಿ, ಪುಡಿಯಾಗಿ, ಮಾತ್ರೆಯಾಗಿ ಸಿಗುತ್ತದೆ. ಕೆಫೀನ್ ಬೆರೆಸಿದ ಬಣ್ಣದ ಮಾತ್ರೆಗೆ ಯಾಬಾ ಅಂತ ಹೆಸರು. ಹೆಸರು ಯಾವುದೇ ಇರಲಿ, ಒಳಗಿರುವುದು ಒಂದೇ.

ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1893ರಲ್ಲಿ ಜಪಾನಿನ ವಿಜ್ಞಾನಿ ನಾಗಾಯಿ ನಾಗಯೋಶಿ ಇದನ್ನು ಮೊದಲು ತಯಾರಿಸಿದರು. 1919ರಲ್ಲಿ ಅಕಿರಾ ಒಗಾಟ ಹರಳಿನ ರೂಪಕ್ಕೆ ತಂದರು. 1938ರಲ್ಲಿ ಜರ್ಮನಿಯಲ್ಲಿ ಪರ್ವಿಟಿನ್ ಎಂಬ ಮಾತ್ರೆಯಾಗಿ ಮಾರುಕಟ್ಟೆಗೆ ಬಂತು. ಎರಡನೇ ಮಹಾಯುದ್ಧದಲ್ಲಿ ಸೈನಿಕರು ನಿದ್ದೆ ಮಾಡದೆ ಮುನ್ನುಗ್ಗಲಿ ಅಂತ ಅದನ್ನು ಹಂಚಿದರು. ಜಪಾನಿನಲ್ಲಿ ಹಿರೋಪೊನ್ ಅಂತ ಮಾರಿದರು. ಯುದ್ಧ ಮುಗಿದ ಮೇಲೆ ಉಳಿದ ದಾಸ್ತಾನು ಜನರ ಕೈಗೆ ಬಂತು, ಚಟ ಎಷ್ಟು ಹಬ್ಬಿತೆಂದರೆ 1951ರಲ್ಲಿ ಅಲ್ಲಿನ ಸರ್ಕಾರ ಇಂಥ ಉತ್ತೇಜಕಗಳ ಮೇಲೆ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಆಗ ಕೊಟ್ಟ ಆಸೆಯೂ ಇದೇ: ನಿದ್ದೆ ಬರಲ್ಲ, ದಣಿವಾಗಲ್ಲ, ಜಾಸ್ತಿ ಕೆಲಸ ಮಾಡಬಹುದು.

ಈಗ ಮಿದುಳಿನ ವಿಷಯ. ಇದನ್ನು ಅರ್ಥ ಮಾಡಿಕೊಂಡರೆ ಮುಂದಿನದ್ದೆಲ್ಲ ಸುಲಭ. ಹಸಿದಾಗ ಊಟ ಸಿಕ್ಕರೆ, ಇಷ್ಟದವರು ಮಾತಾಡಿಸಿದರೆ, ಕಷ್ಟಪಟ್ಟ ಕೆಲಸ ಕೈಗೂಡಿದರೆ ನಮ್ಮ ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಸ್ವಲ್ಪ ಹೊರಬರುತ್ತದೆ. "ಇದು ಚೆನ್ನಾಗಿತ್ತು, ಮತ್ತೆ ಮಾಡು" ಅಂತ ಮಿದುಳಿಗೆ ಕಲಿಸುವುದು ಅದರ ಕೆಲಸ. ಕೆಲಸ ಆದಮೇಲೆ ನರಕೋಶ ಅದನ್ನು ವಾಪಸ್ ಒಳಕ್ಕೆ ಎಳೆದುಕೊಂಡು ಮುಂದಿನ ಸಲಕ್ಕೆ ಇಟ್ಟುಕೊಳ್ಳುತ್ತದೆ. ಮೆತ್ ಈ ಒಳಗೆ ಎಳೆಯುವ ವ್ಯವಸ್ಥೆಯನ್ನೇ ತಿರುಗಿಸಿಬಿಡುತ್ತದೆ. ಟ್ಯಾಂಕಿಗೆ ನೀರು ಏರಿಸಬೇಕಾದ ಪಂಪು ಉಲ್ಟಾ ಓಡಿ ಟ್ಯಾಂಕನ್ನೇ ಖಾಲಿ ಮಾಡಿದ ಹಾಗೆ. ಕೂಡಿಟ್ಟಿದ್ದೆಲ್ಲ ಒಂದೇ ಏಟಿಗೆ ಹೊರಕ್ಕೆ ಸುರಿಯುತ್ತದೆ.

ಎಷ್ಟು ಸುರಿಯುತ್ತದೆ? ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ರುಚಿಯಾದ ತಿನಿಸು ಸಿಕ್ಕಾಗ ಡೋಪಮಿನ್ ಮಾಮೂಲಿಗಿಂತ ಸುಮಾರು ಒಂದೂವರೆ ಪಟ್ಟಾಯಿತು. ಕೊಕೇನ್ ಕೊಟ್ಟಾಗ ಮೂರು ಪಟ್ಟಿಗೂ ಜಾಸ್ತಿ. ಮೆತ್ ಸೇರಿರುವ ಆಂಫೆಟಮೈನ್ ಗುಂಪಿನ ಡ್ರಗ್ ಕೊಟ್ಟಾಗ ಸುಮಾರು ಹತ್ತು ಪಟ್ಟು. ಇದರ ಮುಂದೆ ಊಟ, ಆಟ, ಗೆಳೆತನ ಎಲ್ಲ ಸಪ್ಪೆ ಅನಿಸಿದರೆ ಆಶ್ಚರ್ಯ ಏನಿಲ್ಲ ಅಲ್ವಾ? ಮೇಲಾಗಿ ಇದು ಬೇಗ ಇಳಿಯುವುದೂ ಇಲ್ಲ. ರಕ್ತದಲ್ಲಿರುವ ಕೊಕೇನ್ ಅರ್ಧಕ್ಕೆ ಇಳಿಯಲು ಸುಮಾರು ಒಂದು ಗಂಟೆ ಸಾಕು. ಮೆತ್‌ಗೆ ಹತ್ತರಿಂದ ಹನ್ನೆರಡು ಗಂಟೆ ಬೇಕು. ಅಷ್ಟೂ ಹೊತ್ತು ಹೃದಯ ಓಡುತ್ತಲೇ ಇರಬೇಕು.

"ಆದರೆ ಇದು ಔಷಧಿಯೂ ಹೌದಂತೆ" ಅಂತ ವಾದ ಮಾಡುವವರು ಸಿಗುತ್ತಾರೆ. ನಿಜ. ಅಮೆರಿಕದಲ್ಲಿ ಗಮನ ನಿಲ್ಲದಿರುವ ಎಡಿಎಚ್‌ಡಿ ಸಮಸ್ಯೆಗೆ ಇದನ್ನು ಬಹಳ ಕಡಿಮೆ ಪ್ರಮಾಣದ ಮಾತ್ರೆಯಾಗಿ, ವೈದ್ಯರ ಕಣ್ಗಾವಲಿನಲ್ಲಿ, ಅಪರೂಪಕ್ಕೆ ಕೊಡುವುದುಂಟು. ಸೇದಿದಾಗ, ಚುಚ್ಚಿಕೊಂಡಾಗ ಮಿದುಳಿಗೆ ಕ್ಷಣದಲ್ಲಿ ನುಗ್ಗುವ ಪ್ರಮಾಣಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಕದ್ದು ಮಾರುವ ಮಾಲಿನಲ್ಲಿ ಏನೇನು ಬೆರೆತಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ. ಕೆಲವು ಕಡೆ ಅದರಲ್ಲಿ ಫೆಂಟನಿಲ್ ಸಿಕ್ಕಿದೆ. ಅದು ಕಣದಷ್ಟಿದ್ದರೂ ಉಸಿರಾಟ ನಿಲ್ಲಿಸಬಲ್ಲ ಡ್ರಗ್.

ಹೆಜ್ಜೆ 2: ಹಾನಿಯನ್ನು ದಿನ, ವಾರ, ವರ್ಷದ ಲೆಕ್ಕದಲ್ಲಿ ನೋಡಿ

ಮಕ್ಕಳಿಗೆ ಹೇಳುವಾಗ "ಸತ್ತೋಗ್ತೀಯ" ಅಂದರೆ ಅವರು ನಂಬುವುದಿಲ್ಲ, ಯಾಕೆಂದರೆ ಸೇದಿಯೂ ಓಡಾಡಿಕೊಂಡಿರುವವರನ್ನು ಅವರು ನೋಡಿರಬಹುದು. ಯಾವಾಗ ಏನಾಗುತ್ತದೆ ಅಂತ ಬಿಡಿಸಿ ಹೇಳಿದರೆ ನಂಬುತ್ತಾರೆ.

ಆ ದಿನವೇ ಆಗುವುದು: ಎದೆಬಡಿತ, ರಕ್ತದೊತ್ತಡ, ಮೈ ಬಿಸಿ ಮೂರೂ ಏರುತ್ತವೆ. ಹಸಿವು, ನಿದ್ದೆ ಎರಡೂ ಮಾಯ. ಮೈ ಬಿಸಿ ವಿಪರೀತ ಏರಿದರೆ ಸ್ನಾಯುಗಳು ಒಡೆದು ಮೂತ್ರಪಿಂಡ ಕೆಡಬಹುದು, ಜೀವವೇ ಹೋಗಬಹುದು. ಇಪ್ಪತ್ತು, ಮೂವತ್ತರ ಪ್ರಾಯದವರಿಗೂ ಇದರಿಂದ ಹೃದಯಾಘಾತ, ಲಕ್ವ ಹೊಡೆದದ್ದಿದೆ. ಇದಕ್ಕೆ ಚಟಗಾರರೇ ಆಗಿರಬೇಕು ಅಂತೇನಿಲ್ಲ.

ಇಳಿದಾಗ ಆಗುವುದು: ಇದನ್ನು ಕ್ರ್ಯಾಶ್ ಅನ್ನುತ್ತಾರೆ. ಒಂದೆರಡು ದಿನ ಎಚ್ಚರವೇ ಇಲ್ಲದ ನಿದ್ದೆ, ಎದ್ದರೆ ವಿಪರೀತ ಹಸಿವು, ಸಿಡುಕು, ಯಾವುದರಲ್ಲೂ ಆಸಕ್ತಿ ಇಲ್ಲದ ಖಿನ್ನತೆ. ಕೆಲವರಿಗೆ ಬದುಕೇ ಬೇಡ ಅನಿಸುತ್ತದೆ. ಈ ದಿನಗಳನ್ನು ಹಗುರವಾಗಿ ತಗೊಳ್ಳಬೇಡಿ. ಮತ್ತೆ ಸೇದಿದರೆ ಸರಿಹೋಗುತ್ತೆ ಅನ್ನುವ ಸೆಳೆತ ಶುರುವಾಗುವುದೂ ಇಲ್ಲೇ.

ತಿಂಗಳುಗಳ ಬಳಕೆಯಲ್ಲಿ ಆಗುವುದು: ಹೀಗೊಂದು ರಾತ್ರಿ ಯೋಚಿಸಿ ನೋಡಿ. ಬಳಸುವವನೊಬ್ಬ ಮೂರನೇ ದಿನವೂ ಕಣ್ಣು ಮುಚ್ಚಿಲ್ಲ. ಪರದೆಯ ಅಂಚು ಸರಿಸಿ ಬೀದಿ ನೋಡುತ್ತಾನೆ. ನಿಂತಿರುವ ಕಾರು ತನಗಾಗಿಯೇ ಕಾಯುತ್ತಿದೆ ಅನಿಸುತ್ತದೆ. ಫೋನಿನಲ್ಲಿ ಯಾರೋ ಏನೋ ಅಡಗಿಸಿದ್ದಾರೆ ಅಂತ ಅದನ್ನು ಬಿಚ್ಚಿ ಟೇಬಲ್ ಮೇಲೆ ಹರಡುತ್ತಾನೆ, ಆಮೇಲೆ ಜೋಡಿಸಲು ಬರುವುದಿಲ್ಲ. ಮುಂಗೈ ಚರ್ಮದ ಕೆಳಗೆ ಹುಳ ಹರಿದಂತಾಗುತ್ತದೆ, ಉಗುರಿನಿಂದ ಕೆರೆಯುತ್ತಾನೆ. ಹುಳ ಇಲ್ಲ. ಗಾಯ ಇದೆ, ನಾಳೆ ಅದನ್ನೇ ಮತ್ತೆ ಕೆರೆಯುತ್ತಾನೆ. ವೈದ್ಯರು ಇದನ್ನು ಸೈಕೋಸಿಸ್ ಅನ್ನುತ್ತಾರೆ. ಮನೆಯವರ ಮೇಲೆ ಕೈ ಮಾಡುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ.

ಹಲ್ಲಿನ ವಿಷಯ ಉತ್ಪ್ರೇಕ್ಷೆ ಅಲ್ಲ. ಮೆತ್ ಬಳಸುವ 571 ಜನರ ಬಾಯಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ನೂರಕ್ಕೆ 96 ಮಂದಿಗೆ ಹುಳುಕಿತ್ತು. ನೂರಕ್ಕೆ 31 ಮಂದಿಗೆ ಆರು ಅಥವಾ ಅದಕ್ಕಿಂತ ಜಾಸ್ತಿ ಹಲ್ಲುಗಳೇ ಇರಲಿಲ್ಲ. ಬಾಯಿ ಒಣಗುವುದು, ಹಲ್ಲು ಕಡಿಯುವುದು, ಸಿಹಿ ಪಾನೀಯ ಕುಡಿಯುತ್ತಲೇ ಇರುವುದು, ಹಲ್ಲುಜ್ಜುವುದನ್ನು ಮರೆಯುವುದು, ಎಲ್ಲ ಸೇರಿ ಹೀಗಾಗುತ್ತದೆ.

ವರ್ಷಗಳಲ್ಲಿ ಆಗುವುದು ಹೊರಗಿನಿಂದ ಕಾಣುವುದಿಲ್ಲ. ಹೃದಯದ ಸ್ನಾಯು ಸೋತು ಊದಿಕೊಳ್ಳುತ್ತದೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ನೆನಪು, ಗಮನ ಕುಂದುತ್ತವೆ. ಮುಂದೆ ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಬರುವ ಸಾಧ್ಯತೆ ಹೆಚ್ಚುತ್ತದೆ. ಸೂಜಿ ಹಂಚಿಕೊಂಡರೆ, ನಶೆಯಲ್ಲಿ ಎಚ್ಚರ ತಪ್ಪಿ ಲೈಂಗಿಕ ಸಂಪರ್ಕ ಮಾಡಿದರೆ ಎಚ್‌ಐವಿ, ಹೆಪಟೈಟಿಸ್ ತಗಲಬಹುದು. ಬಸುರಿಯರು ಬಳಸಿದರೆ ಮಗು ದಿನ ತುಂಬುವ ಮೊದಲೇ, ತೂಕ ಕಡಿಮೆಯಾಗಿ ಹುಟ್ಟಬಹುದು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. 2001ರಲ್ಲಿ ಪ್ರಕಟವಾದ ಸ್ಕ್ಯಾನ್ ಅಧ್ಯಯನವೊಂದರಲ್ಲಿ, ವರ್ಷಕ್ಕೂ ಮೇಲೆ ಮೆತ್ ಬಿಟ್ಟಿದ್ದವರ ಮಿದುಳಿನಲ್ಲಿ ಡೋಪಮಿನ್ ಎಳೆದುಕೊಳ್ಳುವ ಪ್ರೋಟೀನುಗಳು ಗಣನೀಯವಾಗಿ ಮರಳಿ ಬಂದಿದ್ದು ಕಂಡಿತು. ನೆನಪು, ಚುರುಕುತನ ಅಷ್ಟೇ ಪೂರ್ತಿಯಾಗಿ ಮರಳಿರಲಿಲ್ಲ. ಆದರೂ ಮಿದುಳು ಸುಧಾರಿಸುತ್ತದೆ. "ಹಾಳಾಗಿದ್ದು ಆಯ್ತು, ಇನ್ನೇನು" ಅನ್ನುವವರಿಗೆ ಇದನ್ನು ತಪ್ಪದೆ ಹೇಳಿ.

ಹೆಜ್ಜೆ 3: ನಿಮ್ಮವರಿಗೆ ಆ "ಶಕ್ತಿ" ಯಾಕೆ ಬೇಕಾಗಬಹುದು ಅಂತ ಹುಡುಕಿ

ಒಂದು ಹಾಳೆ ತಗೊಳ್ಳಿ. ಮನೆಯಲ್ಲಿರುವ ಒಬ್ಬೊಬ್ಬರ ಹೆಸರು ಬರೆಯಿರಿ. ಯಾರು ದಿನಾ ಐದು ಗಂಟೆಗಿಂತ ಕಡಿಮೆ ಮಲಗುತ್ತಾರೆ? ಯಾರು ರಾತ್ರಿ ಪಾಳಿ, ಉದ್ದದ ಡ್ರೈವಿಂಗ್, ಎರಡೆರಡು ಕೆಲಸ ಮಾಡುತ್ತಾರೆ? ಯಾರಿಗೆ ಪರೀಕ್ಷೆಯ ಒತ್ತಡ ಮಿತಿ ಮೀರಿದೆ? ತೂಕದ ಬಗ್ಗೆ ಸದಾ ಕೊರಗುವವರು ಯಾರು? ಗುಂಪಿನಲ್ಲಿ ಒಂಟಿಯಾಗಿರುವವರು, ಈಚೆಗೆ ಯಾರನ್ನೋ ಕಳೆದುಕೊಂಡವರು, ಗಮನ ನಿಲ್ಲದೆ ಒದ್ದಾಡುತ್ತಿದ್ದರೂ ವೈದ್ಯರಿಗೆ ತೋರಿಸದವರು ಇದ್ದಾರಾ?

ಈ ಪಟ್ಟಿಯಲ್ಲಿ ಹೆಸರು ಬಂತು ಅಂದ ಮಾತ್ರಕ್ಕೆ ಅನುಮಾನ ಪಡಬೇಕಿಲ್ಲ. ಹೆಸರಿನ ಮುಂದೆ ಬರುವ ಕಾರಣಕ್ಕೆ ಈಗಲೇ ಏನಾದರೂ ಮಾಡಿ. ನಿದ್ದೆ ಸಾಲದವರ ಕೆಲಸದ ಹೊತ್ತನ್ನು ಮನೆಯವರೆಲ್ಲ ಕೂತು ಮತ್ತೆ ಹೊಂದಿಸಬಹುದೇ ನೋಡಿ. ಪರೀಕ್ಷೆಗೆ ಹೆದರುವ ಮಗುವಿಗೆ "ಮಾರ್ಕ್ಸ್ ಕಡಿಮೆ ಬಂದ್ರೂ ಮನೆ ಬಾಗಿಲು ತೆಗೆದೇ ಇರುತ್ತೆ" ಅಂತ ಬಾಯಿ ಬಿಟ್ಟು ಹೇಳಿ. ಗಮನದ ಸಮಸ್ಯೆ, ಖಿನ್ನತೆ ಇದ್ದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಚಿಕಿತ್ಸೆ ಸಿಗದ ಮನಸ್ಸಿನ ಕಾಯಿಲೆ ಎಷ್ಟೋ ಜನರನ್ನು ತಾವೇ ಔಷಧಿ ಹುಡುಕಿಕೊಳ್ಳುವ ದಾರಿಗೆ ತಳ್ಳುತ್ತದೆ. ನನ್ನ ಪ್ರಕಾರ ಇಡೀ ತಡೆಗಟ್ಟುವಿಕೆಯಲ್ಲಿ ಇದೇ ಮುಖ್ಯ ಹೆಜ್ಜೆ. ಜನ ಜಾಸ್ತಿ ಬಿಟ್ಟುಬಿಡುವುದೂ ಇದನ್ನೇ.

ಹೆಜ್ಜೆ 4: ಬೇಗ ಮಾತಾಡಿ, ಹೆದರಿಸಬೇಡಿ

ಹೆದರಿಸುವುದು ಯಾಕೆ ಬೇಡ? 2005ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಮೆತ್ ವಿರುದ್ಧ ಭಯಂಕರ ಜಾಹೀರಾತುಗಳ ದೊಡ್ಡ ಅಭಿಯಾನ ಶುರುವಾಯಿತು. ಕೊಳೆತ ಹಲ್ಲು, ಗಾಯದ ಮುಖ, ಮನೆಯವರ ಮೇಲೇ ಕೈ ಮಾಡುವ ಮಕ್ಕಳು. ಬಳಕೆ ಇಳಿದಾಗ ಎಲ್ಲರೂ ಅದರ ಗುಣಗಾನ ಮಾಡಿದರು. 2010ರಲ್ಲಿ ಒಬ್ಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದರೆ, ಬಳಕೆ ಅದಕ್ಕೂ ಮೊದಲೇ ಇಳಿಯುತ್ತಾ ಬಂದಿತ್ತು. ಅದನ್ನು ಕಳೆದರೆ ಜಾಹೀರಾತಿನ ಪರಿಣಾಮ ಏನೂ ಕಾಣಲಿಲ್ಲ. ವಿಶ್ವಸಂಸ್ಥೆಯ ಡ್ರಗ್ಸ್ ಮತ್ತು ಅಪರಾಧ ಕಚೇರಿ, ವಿಶ್ವ ಆರೋಗ್ಯ ಸಂಸ್ಥೆ ಸೇರಿ 2018ರಲ್ಲಿ ಪರಿಷ್ಕರಿಸಿದ ತಡೆಗಟ್ಟುವಿಕೆಯ ಮಾನದಂಡಗಳೂ ಇದೇ ಮಾತು ಹೇಳುತ್ತವೆ. ಬರೀ ಮಾಹಿತಿ ಕೊಡುವುದು, ಹೆದರಿಸುವುದು, ಹಿಂದೆ ಬಳಸಿದವರನ್ನು ಕರೆಸಿ ಕಥೆ ಹೇಳಿಸುವುದು, ಇವುಗಳಿಂದ ಮಕ್ಕಳ ಬಳಕೆ ಕಡಿಮೆಯಾಗುವುದಿಲ್ಲ. ಶಾಲೆಗಳು ಇವತ್ತಿಗೂ ಇದನ್ನೇ ಮಾಡುತ್ತಿರುವುದು ನೋಡಿದರೆ ಬೇಸರವಾಗುತ್ತದೆ.

ಹಾಗಾದರೆ ಹೇಗೆ ಮಾತಾಡುವುದು? ಹತ್ತು ಹನ್ನೊಂದು ವರ್ಷಕ್ಕೇ ಶುರು ಮಾಡಿ, ಸ್ವಲ್ಪ ಸ್ವಲ್ಪ. ಎದುರಿಗೆ ಕೂರಿಸಿಕೊಂಡು ಭಾಷಣ ಬೇಡ. ಪಾತ್ರೆ ತೊಳೆಯುವಾಗ, ದಾರಿಯಲ್ಲಿ ನಡೆಯುವಾಗ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾಗಿಲ್ಲದ ಹೊತ್ತಲ್ಲಿ ಮಾತು ಸಲೀಸಾಗಿ ಬರುತ್ತದೆ. ಉದಾಹರಣೆಗೆ ಹೀಗೆ:

"ನಿಮ್ಮ ಕ್ಲಾಸಲ್ಲಿ ಯಾರಾದ್ರೂ ಐಸ್ ಗೀಸ್ ಅಂತ ಮಾತಾಡ್ತಾರಾ?"

"ಯಾಕೆ?"

"ಸುಮ್ನೆ ಕೇಳ್ದೆ. ಅದ್ರ ಬಗ್ಗೆ ಓದ್ತಿದ್ದೆ. ನಿಂಗೇನು ಗೊತ್ತು ಅಂತ ಕುತೂಹಲ."

"ಅದನ್ನ ತಗೊಂಡ್ರೆ ರಾತ್ರಿಯೆಲ್ಲ ಓದಬಹುದಂತೆ. ಒಬ್ಬ ಹೇಳ್ತಿದ್ದ."

ಇಲ್ಲಿ ನಿಮ್ಮ ಎದೆ ಧಸಕ್ಕೆನ್ನುತ್ತದೆ. "ಯಾರವನು? ಅವನ ಜೊತೆ ಸೇರಬೇಡ" ಅನ್ನುವ ಮಾತು ಬಾಯಿಗೆ ಬರುತ್ತದೆ. ತಡೆದುಕೊಳ್ಳಿ. ಆ ಮಾತು ಆಡಿದರೆ ಮುಂದಿನ ಸಲ ನಿಮಗೆ ಏನೂ ಗೊತ್ತಾಗುವುದಿಲ್ಲ. ಬದಲಿಗೆ: "ಎಚ್ಚರ ಇರಬಹುದು, ನಿಜ. ಆದ್ರೆ ಓದಿದ್ದು ನೆನಪಲ್ಲಿ ಕೂರೋದು ನಿದ್ದೆ ಮಾಡಿದಾಗ. ಆಮೇಲೆ ಎರಡು ದಿನ ಏಳೋಕೇ ಆಗಲ್ಲ. ನಿಂಗೆ ಓದೋಕೆ ಟೈಮ್ ಸಾಲ್ತಿಲ್ವಾ?" ಕೊನೆಯ ಪ್ರಶ್ನೆ ನೋಡಿ. ಮಾತು ಡ್ರಗ್ ಬಿಟ್ಟು ಮಗುವಿನ ಕಷ್ಟದ ಕಡೆ ಹೊರಳಿತು.

ಮನೆಯ ನಿಯಮವನ್ನೂ ಸ್ಪಷ್ಟವಾಗಿ ಹೇಳಿ. "ನಮ್ಮ ಮನೇಲಿ ಇದು ಬೇಡ. ಯಾವತ್ತಾದರೂ ನೀನು ಅಥವಾ ನಿನ್ನ ಗೆಳೆಯ ಸಿಕ್ಕಿಹಾಕಿಕೊಂಡರೆ ಎಷ್ಟೊತ್ತಿಗೆ ಫೋನ್ ಮಾಡಿದರೂ ಬರ್ತೀನಿ. ಆ ರಾತ್ರಿ ಬೈಯಲ್ಲ." ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ. ಮಾತಾಡುವುದು ಬೆಳಗ್ಗೆ.

ಹೆಜ್ಜೆ 5: "ಬೇಡ" ಅನ್ನುವುದನ್ನು ಅಭ್ಯಾಸ ಮಾಡಿಸಿ

ಗೆಳೆಯರ ನಡುವೆ ಕೂತಾಗ ಬೇಡ ಅನ್ನಲು ಮಾತೇ ಹೊರಡುವುದಿಲ್ಲ. ಅದಕ್ಕೆ ಮಾತು ಮೊದಲೇ ಬಾಯಲ್ಲಿ ರೆಡಿ ಇರಬೇಕು. ನೀವು ಒತ್ತಾಯಿಸುವವರಾಗಿ, ಮಗು ಬೇಡ ಅನ್ನುವವರಾಗಿ ಒಂದೆರಡು ಸಲ ಜೋರಾಗಿ ಆಡಿ ನೋಡಿ. "ಬೇಡಪ್ಪ, ನಂಗೆ ಆಗಿಬರಲ್ಲ." "ನಾಳೆ ಬೇಗ ಏಳ್ಬೇಕು, ಹೊರಟೆ." "ನಮ್ಮನೇಲಿ ಟೆಸ್ಟ್ ಮಾಡಿಸ್ತಾರೆ ಮಾರಾಯಾ." ಕೊನೆಯದು ಸುಳ್ಳಾದರೂ ಪರವಾಗಿಲ್ಲ, ತಪ್ಪೆಲ್ಲ ನಿಮ್ಮ ಮೇಲೆ ಹಾಕಲಿ. ವಿವರಣೆ ಕೊಡುತ್ತಾ ಕೂತರೆ ವಾದಕ್ಕೆ ಎಳೆಯುತ್ತಾರೆ, ಅದಕ್ಕೆ ಹೇಳಿದ ಕೂಡಲೇ ಜಾಗ ಬಿಡುವುದನ್ನೂ ಕಲಿಸಿ. ಒಂದು ಗುಟ್ಟಿನ ಮೆಸೇಜ್ ಗೊತ್ತು ಮಾಡಿಕೊಳ್ಳಿ. ಅದು ಬಂದ ತಕ್ಷಣ ನೀವು ಫೋನ್ ಮಾಡಿ "ಅರ್ಜೆಂಟ್, ಮನೆಗೆ ಬಾ" ಅನ್ನಬೇಕು.

ದೊಡ್ಡವರಿಗೂ ಇದು ಬೇಕು. ಕೆಲಸದ ಜಾಗದಲ್ಲಿ "ಇದೊಂದು ತಗೋ, ಪಾಳಿ ಮುಗಿಯೋವರೆಗೂ ಕಣ್ಣು ಮುಚ್ಚಲ್ಲ" ಅಂತ ಕೊಡುವ ಮಾತ್ರೆಯಲ್ಲಿ ಏನಿದೆ ಅಂತ ನಿಮಗೆ ಗೊತ್ತಿಲ್ಲ. ಇನ್ನೊಬ್ಬರ ಎಡಿಎಚ್‌ಡಿ ಮಾತ್ರೆಯನ್ನೂ ತಗೊಳ್ಳಬೇಡಿ, ನಿಮ್ಮದನ್ನು ಕೊಡಲೂಬೇಡಿ.

ಹೆಜ್ಜೆ 6: ಖಾಲಿ ಸಂಜೆಗಳನ್ನು ತುಂಬಿಸಿ

1998ರಲ್ಲಿ ಐಸ್‌ಲ್ಯಾಂಡ್‌ನ 15-16 ವರ್ಷದವರಲ್ಲಿ ನೂರಕ್ಕೆ 42 ಮಂದಿ ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದರು. 2016ರ ಹೊತ್ತಿಗೆ ಅದು ನೂರಕ್ಕೆ 5ಕ್ಕೆ ಇಳಿಯಿತು. ದಿನಾ ಸಿಗರೇಟು ಸೇದುವವರು 23ರಿಂದ 3ಕ್ಕೆ ಬಂದರು. ಅಲ್ಲಿ ಮಾಡಿದ್ದು ಮಂತ್ರ ಏನಲ್ಲ. ಆಟ, ಸಂಗೀತದಂಥ ಚಟುವಟಿಕೆಗೆ ಹಣ ಕೊಟ್ಟರು. ರಾತ್ರಿ ಹೊತ್ತು ಮಕ್ಕಳು ಹೊರಗೆ ಅಲೆಯುವುದಕ್ಕೆ ಮಿತಿ ಹಾಕಿದರು. ಮಕ್ಕಳ ಜೊತೆ ಜಾಸ್ತಿ ಹೊತ್ತು ಕಳೆಯುವಂತೆ ಹೆತ್ತವರನ್ನು ಒಪ್ಪಿಸಿದರು, ಒಬ್ಬರ ಮಕ್ಕಳ ಮೇಲೆ ಇನ್ನೊಬ್ಬರು ಕಣ್ಣಿಡುವಂತೆ ಮಾಡಿದರು. ಆ ಲೆಕ್ಕ ಕುಡಿತ, ಸಿಗರೇಟಿನದು, ಆದರೆ ಮೆತ್ ಸಾಮಾನ್ಯವಾಗಿ ಅವೆರಡರ ಹಿಂದೆಯೇ ಬರುತ್ತದೆ.

ಮನೆಯಲ್ಲಿ ಇದನ್ನು ಹೀಗೆ ಮಾಡಿ: ದಿನಕ್ಕೊಂದು ಊಟ ಒಟ್ಟಿಗೆ, ಫೋನ್ ಇಲ್ಲದೆ. ಮಗುವಿನ ಗೆಳೆಯರ ಹೆಸರು, ಅವರ ಮನೆಯವರ ನಂಬರ್ ಗೊತ್ತಿರಲಿ. ವಾರಕ್ಕೆರಡು ಸಂಜೆಯಾದರೂ ಮೈ ಬೆವರುವ ಆಟ. ಮಲಗುವ ಹೊತ್ತು ನಿಶ್ಚಿತ. ನಿದ್ದೆ ತುಂಬಿದ ಮೈಗೆ ಸಾಲ ತಂದ ಶಕ್ತಿಯ ಆಸೆ ಕಡಿಮೆ.

ಹೆಜ್ಜೆ 7: ಲಕ್ಷಣ ಗಮನಿಸಿ, ಆದರೆ ಆತುರಪಡಬೇಡಿ

ದಿನಗಟ್ಟಲೆ ಎಚ್ಚರ, ಆಮೇಲೆ ದಿನಗಟ್ಟಲೆ ನಿದ್ದೆ. ಹೀಗೆ ಮತ್ತೆ ಮತ್ತೆ ಆದರೆ ಅದೇ ಎಲ್ಲಕ್ಕಿಂತ ದೊಡ್ಡ ಸುಳಿವು. ಜೊತೆಗೆ ತಟಕ್ಕನೆ ಇಳಿದ ತೂಕ, ಅಗಲವಾದ ಕಣ್ಣಿನ ಪಾಪೆ, ನಿಲ್ಲದ ಮಾತು, ದವಡೆ ಕಡಿಯುವುದು, ಮುಖ ಕೈಗಳ ಮೇಲೆ ಕೆರೆದ ಗಾಯ, ಕಾರಣವಿಲ್ಲದ ಅನುಮಾನ, ಲೆಕ್ಕ ಸಿಗದ ಹಣ. ತುದಿ ಗುಂಡಗಿರುವ ಗಾಜಿನ ಕೊಳವೆ, ಸುಟ್ಟ ಗುರುತಿನ ಬಲ್ಬು ಅಥವಾ ಫಾಯಿಲ್, ಚಿಕ್ಕ ಜಿಪ್ ಕವರ್ ಸಿಕ್ಕರೆ ಅನುಮಾನ ಗಟ್ಟಿಯಾಗುತ್ತದೆ.

ಇವುಗಳಲ್ಲಿ ಒಂದೊಂದಕ್ಕೂ ಬೇರೆ ಕಾರಣ ಇರಬಹುದು. ಥೈರಾಯ್ಡ್, ಖಿನ್ನತೆ, ಬೈಪೋಲಾರ್ ಕಾಯಿಲೆಗಳಲ್ಲೂ ತೂಕ, ನಿದ್ದೆ ಏರುಪೇರಾಗುತ್ತವೆ. ಮೂತ್ರ ಪರೀಕ್ಷೆಯಲ್ಲಿ ಮೆತ್ ಸಾಮಾನ್ಯವಾಗಿ ಒಂದರಿಂದ ನಾಲ್ಕು ದಿನ ಕಾಣಿಸುತ್ತದೆ. ಕೆಲವು ನೆಗಡಿ ಔಷಧಿ, ಖಿನ್ನತೆಯ ಮಾತ್ರೆ ತಗೊಂಡಿದ್ದರೂ ಪ್ರಾಥಮಿಕ ಟೆಸ್ಟ್ ತಪ್ಪಾಗಿ ಪಾಸಿಟಿವ್ ತೋರಿಸಬಹುದು. ಅದಕ್ಕೇ ಮನೆ ಕಿಟ್ ನಂಬಿ ತೀರ್ಪು ಕೊಡಬೇಡಿ, ಕದ್ದು ಟೆಸ್ಟ್ ಮಾಡಲೂಬೇಡಿ. ವೈದ್ಯರ ಮೂಲಕ, ಹೇಳಿಯೇ ಮಾಡಿಸಿ.

ಅಕ್ಕಪಕ್ಕದ ಮನೆಯಿಂದ ಸದಾ ಮೂಗಿಗೆ ಹೊಡೆಯುವ ರಾಸಾಯನಿಕ ವಾಸನೆ, ಮುಚ್ಚಿದ ಕಿಟಕಿ, ರಾಶಿ ಖಾಲಿ ಕ್ಯಾನ್ ಕಂಡರೆ ಒಳಗೆ ಇಣುಕಲು ಹೋಗಬೇಡಿ. ಮೆತ್ ತಯಾರಿಸುವ ಜಾಗ ಹೊತ್ತಿಕೊಳ್ಳಬಹುದು, ಅಲ್ಲಿನ ಗಾಳಿಯೇ ವಿಷ. ದೂರ ಬಂದು ಪೊಲೀಸರಿಗೆ ತಿಳಿಸಿ.

ಹೆಜ್ಜೆ 8: ಜೀವಕ್ಕೆ ಅಪಾಯವಾದಾಗ

ಎದೆನೋವು, ಮುಟ್ಟಲಾಗದಷ್ಟು ಸುಡುವ ಮೈ, ಫಿಟ್ಸ್, ಮುಖ ಅಥವಾ ಕೈ ಒಂದು ಕಡೆ ಜೋತುಬೀಳುವುದು, ಉಸಿರಾಟದ ತೊಂದರೆ, ಎಚ್ಚರ ತಪ್ಪುವುದು. ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಆಂಬುಲೆನ್ಸ್ ಕರೆಯಿರಿ. ಮಲಗಿ ಎದ್ದರೆ ಸರಿಹೋಗುತ್ತೆ ಅಂತ ಕಾಯಬೇಡಿ.

ಆಂಬುಲೆನ್ಸ್ ಬರುವವರೆಗೆ ತಂಪಾದ, ಸದ್ದಿಲ್ಲದ ಜಾಗಕ್ಕೆ ಕರೆತನ್ನಿ. ಬಟ್ಟೆ ಸಡಿಲಿಸಿ. ಒದ್ದೆ ಬಟ್ಟೆಯನ್ನು ಕುತ್ತಿಗೆ, ಕಂಕುಳಿನಲ್ಲಿಟ್ಟು ಗಾಳಿ ಹಾಕಿ. ಪೂರ್ತಿ ಎಚ್ಚರವಿದ್ದರೆ ಮಾತ್ರ ಗುಟುಕು ಗುಟುಕಾಗಿ ನೀರು. ಫಿಟ್ಸ್ ಬಂದರೆ ಸುತ್ತಲಿನ ಚೂಪು ವಸ್ತು ಸರಿಸಿ, ಬಾಯಿಗೆ ಏನನ್ನೂ ತುರುಕಬೇಡಿ. ಫಿಟ್ಸ್ ನಿಂತ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಎಚ್ಚರ ತಪ್ಪಿ ಉಸಿರು ನಿಧಾನವಾಗಿದ್ದರೆ ಫೆಂಟನಿಲ್‌ನಂಥದ್ದು ಬೆರೆತಿರಬಹುದು. ಅಂಥ ಡ್ರಗ್‌ನ ಪರಿಣಾಮ ತಡೆಯುವ ನಲೋಕ್ಸೋನ್ ಎಂಬ ಔಷಧಿ ಹತ್ತಿರದಲ್ಲಿದ್ದರೆ ಕೊಡಿ. ಅದು ಮೆತ್ ಮೇಲೆ ಕೆಲಸ ಮಾಡುವುದಿಲ್ಲ, ಆದರೆ ಬೆರಕೆಯಿಂದ ಜೀವ ಉಳಿಸಬಹುದು.

ಹೆದರಿ ಕೂಗಾಡುತ್ತಿದ್ದರೆ ಎದುರು ಕೂಗಬೇಡಿ. ಸ್ವಲ್ಪ ದೂರ ನಿಂತು, ಮೆಲ್ಲಗೆ, ಚಿಕ್ಕ ಮಾತುಗಳಲ್ಲಿ ಮಾತಾಡಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಬೋರಲು ಹಾಕಿ ಮೇಲೆ ಕೂತು ಹಿಡಿಯುವುದು ಪ್ರಾಣಕ್ಕೇ ಅಪಾಯ. ಮಕ್ಕಳಿದ್ದರೆ ಮೊದಲು ಅವರನ್ನು ಬೇರೆ ಕಡೆ ಕಳಿಸಿ. ವೈದ್ಯರು ಕೇಳಿದಾಗ ಏನು ತಗೊಂಡಿದ್ದು ಅಂತ ನಿಜ ಹೇಳಿ. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಚಿಕಿತ್ಸೆಯ ಹೊತ್ತು ಹಾಳಾಗುತ್ತದೆ.

ಹೆಜ್ಜೆ 9: ಆಗಲೇ ಬಳಸುತ್ತಿದ್ದರೆ

ಮನೆಯಿಂದ ಹೊರಗೆ ಹಾಕುವುದು, ನಾಲ್ಕು ಜನರ ಮುಂದೆ ನಿಲ್ಲಿಸಿ ಕೇಳುವುದು, ಕೋಣೆಯಲ್ಲಿ ಕೂಡಿಹಾಕುವುದು, ಇವೇ ಮೊದಲು ಹೊಳೆಯುತ್ತವೆ. ಇದಕ್ಕಿಂತ ಒಳ್ಳೆಯ ದಾರಿ ಇದೆ. ಕ್ರಾಫ್ಟ್ ಎಂಬ ಕುಟುಂಬ ತರಬೇತಿಯಲ್ಲಿ ಮನೆಯವರಿಗೆ ಮೂರು ವಿಷಯ ಕಲಿಸುತ್ತಾರೆ. ನಶೆ ಇಲ್ಲದ ಹೊತ್ತಲ್ಲಿ ಪ್ರೀತಿಯಿಂದ ಜೊತೆಗಿರಿ. ನಶೆ ಏರಿದಾಗ ಜಗಳವಾಡದೆ ದೂರ ಸರಿಯಿರಿ. ಚಟದಿಂದಾಗುವ ಸಾಲ, ರಜೆ, ಸುಳ್ಳುಗಳನ್ನು ನೀವು ಮುಚ್ಚಿಹಾಕಬೇಡಿ. ಕುಡಿತದ ಸಮಸ್ಯೆಯಿದ್ದ ಕುಟುಂಬಗಳ ಮೇಲೆ ನಡೆದ, 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಮಾಡಿದಾಗ ನೂರಕ್ಕೆ 64 ಮಂದಿ ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಎದುರಿಗೆ ಕೂರಿಸಿ ಕೇಳುವ ವಿಧಾನದಲ್ಲಿ ಬಂದವರು ನೂರಕ್ಕೆ 30 ಮಾತ್ರ.

ಮಾತೆತ್ತಲು ಒಳ್ಳೆಯ ಹೊತ್ತು ಕ್ರ್ಯಾಶ್ ಕಳೆದು, ಹೊಟ್ಟೆ ತುಂಬಿ, ಮನಸ್ಸು ತಣ್ಣಗಿರುವಾಗ. "ನಿನ್ನೆ ರಾತ್ರಿ ನಿನ್ನ ಎದೆ ಹೊಡ್ಕೊಳ್ಳೋದು ನೋಡಿ ನಂಗೆ ಭಯ ಆಯ್ತು. ನಾಳೆ ಡಾಕ್ಟರ್ ಹತ್ರ ಒಟ್ಟಿಗೆ ಹೋಗೋಣ, ನಾನೂ ಬರ್ತೀನಿ." ಅಷ್ಟು ಸಾಕು. ಅವರು ಹೂಂ ಅಂದಾಗ ಹುಡುಕಾಡುವಂತಿರಬಾರದು. ಯಾವ ವ್ಯಸನಮುಕ್ತಿ ಕೇಂದ್ರ, ಯಾವ ಮನೋವೈದ್ಯರು, ಯಾವ ದಿನ ಸಿಗುತ್ತಾರೆ ಅಂತ ಮೊದಲೇ ವಿಚಾರಿಸಿಟ್ಟುಕೊಂಡಿರಿ. ಹೊಡೆಯುವ, ಸರಪಳಿ ಹಾಕುವ ಕೇಂದ್ರಗಳ ಕಡೆ ತಲೆ ಹಾಕಬೇಡಿ. ನುರಿತ ವೈದ್ಯರಿದ್ದಾರಾ, ಮನೆಯವರು ಬಂದು ನೋಡಬಹುದಾ ಅಂತ ಕೇಳಿ.

ಮೆತ್ ಚಟಕ್ಕೆ ಅಂತಲೇ ಮಂಜೂರಾದ ಮಾತ್ರೆ ಇಲ್ಲ. "ಒಂದೇ ವಾರದಲ್ಲಿ ಬಿಡಿಸುತ್ತೇವೆ" ಅನ್ನುವವರನ್ನು ನಂಬಬೇಡಿ. 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ನಲ್‌ಟ್ರೆಕ್ಸೋನ್ ಇಂಜೆಕ್ಷನ್ ಮತ್ತು ಬುಪ್ರೋಪಿಯಾನ್ ಮಾತ್ರೆ ಜೊತೆಯಾಗಿ ಕೊಟ್ಟಾಗ ನೂರಕ್ಕೆ 13.6 ಮಂದಿಗೆ ಗುಣ ಕಂಡಿತು. ಔಷಧಿಯಿಲ್ಲದ ಮಾತ್ರೆ, ಇಂಜೆಕ್ಷನ್ ಪಡೆದವರಲ್ಲಿ ಅದು 2.5 ಮಾತ್ರ. ಇದು ಕೊಡುವುದೋ ಬೇಡವೋ ವೈದ್ಯರ ನಿರ್ಧಾರ. ಸದ್ಯಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಫಲ ಕೊಟ್ಟಿರುವುದು ಬಹುಮಾನದ ವಿಧಾನ. ವಾರಕ್ಕೆ ಎರಡು ಮೂರು ಸಲ ಮೂತ್ರ ಪರೀಕ್ಷೆ, ಶುದ್ಧ ಬಂದಾಗಲೆಲ್ಲ ಒಂದು ಚಿಕ್ಕ ಬಹುಮಾನ, ಬರುಬರುತ್ತಾ ಬಹುಮಾನ ದೊಡ್ಡದಾಗುತ್ತದೆ. ಬಿಟ್ಟಿದ್ದಕ್ಕೆ ಉಡುಗೊರೆಯಾ ಅಂತ ಕೆಲವರಿಗೆ ಸಿಟ್ಟು ಬರುತ್ತದೆ. ಆದರೆ ಸಹಜ ಖುಷಿಗಳನ್ನೇ ಮರೆತ ಮಿದುಳಿಗೆ ತಕ್ಷಣ ಸಿಗುವ ಸಣ್ಣ ಖುಷಿ ಬೇಕು. ಇದರ ಜೊತೆ ಆಪ್ತ ಸಮಾಲೋಚನೆಯಲ್ಲಿ, ಸೆಳೆತ ಎಲ್ಲಿ, ಯಾರ ಜೊತೆಗಿದ್ದಾಗ, ಎಷ್ಟೊತ್ತಿಗೆ ಬರುತ್ತದೆ ಅಂತ ಗುರುತಿಸಿ ಆ ಹೊತ್ತಿಗೆ ಬೇರೆ ದಾರಿ ಗೊತ್ತು ಮಾಡಿಕೊಳ್ಳುತ್ತಾರೆ.

ಬಿಟ್ಟ ಮೊದಲ ಒಂದೆರಡು ವಾರ ಊಟ, ನಿದ್ದೆ, ಯಾರಾದರೊಬ್ಬರ ಜೊತೆ, ಇಷ್ಟಿದ್ದರೆ ಸಾಕು. ದೊಡ್ಡ ದೊಡ್ಡ ಆಣೆ ಮಾಡಿಸಬೇಡಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಮುಂದಿನ ತಿಂಗಳುಗಳಲ್ಲಿ "ಯಾವುದೂ ರುಚಿಸ್ತಿಲ್ಲ" ಅನ್ನುತ್ತಾರೆ. ಸೋಮಾರಿತನ ಅಂತ ಬೈಯಬೇಡಿ, ಮಿದುಳು ಇನ್ನೂ ಸುಧಾರಿಸಿಕೊಳ್ಳುತ್ತಿದೆ. ಹಳೆಯ ಪೂರೈಕೆದಾರನ ನಂಬರ್ ಅಳಿಸಿ, ಸಿಮ್ ಬದಲಿಸಿ. ಕೈಯಲ್ಲಿ ಜಾಸ್ತಿ ಹಣ ಇಟ್ಟುಕೊಳ್ಳದಂತೆ ಅವರ ಒಪ್ಪಿಗೆ ಪಡೆದೇ ಏರ್ಪಾಡು ಮಾಡಿ. ಹಲ್ಲು, ಹೃದಯ, ಎಚ್‌ಐವಿ, ಹೆಪಟೈಟಿಸ್ ತಪಾಸಣೆ ಮಾಡಿಸಿ.

ಮತ್ತೆ ಒಂದು ಸಲ ಸೇದಿಬಿಟ್ಟರೆ? ಹಾಗಾಗುವುದು ಅಪರೂಪ ಏನಲ್ಲ. ಆ ದಿನ ಕೇಳಬೇಕಾದ್ದು ಎರಡೇ ಪ್ರಶ್ನೆ: ಈಗ ಮೈ ಹೇಗಿದೆ, ಸೇದುವ ಮುಂಚೆ ಏನಾಗಿತ್ತು? ಉತ್ತರವನ್ನು ಬರೆದಿಟ್ಟುಕೊಳ್ಳಿ. ಸಮಾಲೋಚಕರಿಗೆ ಅವತ್ತೇ ಫೋನ್ ಮಾಡಿ, ಮಾರನೇ ದಿನದ ಹೊತ್ತು ಗೊತ್ತು ಮಾಡಿಕೊಳ್ಳಿ. ಆ ಹಾಳೆಯನ್ನೂ ಜೊತೆಗೆ ತಗೊಂಡು ಹೋಗಿ.